ಕಪ್ಪು ಬಳಿದ ಹದಿನಾಲ್ಕು ಹಾಳೆ

"ಕೈ ತೆಗಿಯೇ! ಟೇಬಲ್ ಮೇಲಿಂದ ಕೈ ತೆಗಿ! ನಿಮ್ಮಪ್ಪನ ಮನೇದಾ ಇದು? ಗಾಜೆಲ್ಲಾ ತುಕ್ಕು ಮಾಡಿಬಿಟ್ಲು ದರಿದ್ರದೋಳು!"

ಹಡಗು ಸುರಕ್ಷತಾ ಇಲಾಖೆಯ ಮಾಹಿತಿ ಅಧಿಕಾರಿ ಕರವಸ್ತ್ರ ತೆಗೆದು ಗಾಜು ಒರೆಸತೊಡಗಿದ. ತುಕ್ಕಕ್ಕ ಕೈ ಹಿಂದಕ್ಕೆಳೆದುಕೊಂಡಳು. ಹದಿನೆಂಟು ವರ್ಷ ಹಡಗುಗಳ ಹೊಟ್ಟೆ ಕೆರೆದ ಕೈ ಅದು, ಯಾವ ಸೋಪಿಗೂ ಬಗ್ಗುವಂಥದ್ದಲ್ಲ. ಅವಳಿಗೆ ಆ ಹೆಸರು ಅಂಟಿದ್ದೂ ಅದರಿಂದಲೇ.

"ಅರ್ಜಿ ಕೊಟ್ಟು ಏಳು ತಿಂಗ್ಳಾಯ್ತು ಸಾಮಿ. ಇವತ್ತು ಬಾ ಅಂದಿದ್ರಿ."

"ಅಂದಿದ್ದೆ. ಅದಕ್ಕೆ ಮೈಮೇಲೆ ಬೀಳ್ತಾರಾ? ಗಂಡ ಕುಡಿದು ಹಡಗು ಮುಳುಗಿಸ್ದ, ಹೆಂಡ್ತಿ ಬಂದು ನಮ್ಮ ಪ್ರಾಣ ತಿಂತಾಳೆ."

ಅವಳ ಗಂಡ ಚುಕ್ಕಾಣಿ ಹಿಡಿಯುವವನು. ಹೋದ ವರ್ಷ ಹನ್ನೊಂದು ಜನರ ಸಮೇತ ಸರಕು ಹಡಗು ಮುಳುಗಿದಾಗ ಅದರ ಧಣಿ ಒಂದೇ ಮಾತು ಹೇಳಿದ: ಹಡಗು ಗಟ್ಟಿಯಿತ್ತು, ಚುಕ್ಕಾಣಿಯವನು ಕುಡಿದಿದ್ದ. ಜನ್ಮದಲ್ಲಿ ಒಂದು ಹನಿ ಮುಟ್ಟದ ಮನುಷ್ಯ! ಆದರೆ ನೀರುಪಾಲಾದವನ ಬಾಯಿ ಮೂಸಿ ನೋಡಲು ಯಾರು ಹೋಗುತ್ತಾರೆ? ಉಳಿದ ಹತ್ತು ಮನೆಯ ಹೆಂಗಸರು ತುಕ್ಕಕ್ಕನ ಬಾಗಿಲ ಮುಂದೆ ಉಗಿದೇ ಮುಂದೆ ಹೋಗುತ್ತಿದ್ದರು. ಹಡಗು ಹೊರಡುವ ಮುಂಚೆ ಇಲಾಖೆಯವರು ತಪಾಸಣೆ ಮಾಡಿ ಬರೆದಿಟ್ಟ ವರದಿಯೊಂದು ಕೈಗೆ ಸಿಕ್ಕರೆ ಗಂಡನ ಹೆಸರಿಗೆ ಹತ್ತಿದ ಹೊಲಸು ಹೋದೀತೆಂದು ಅವಳು ಈ ಮೆಟ್ಟಿಲು ಸವೆಸಿದ್ದಳು.

ಜೊತೆಯಲ್ಲಿ ಬಂದವಳು ಅದೇ ಹಡಗಿನಲ್ಲಿ ಸತ್ತ ಅಡುಗೆಯವನ ಹೆಂಡತಿ. ಏಳನೇ ಕ್ಲಾಸು ಓದಿದ್ದಳು. "ಓದಿ ಹೇಳ್ತೀನಿ. ನಿನ್ ಗಂಡಂದೇ ತಪ್ಪು ಅಂತಿದ್ರೆ ಅದನ್ನೂ ಓದ್ತೀನಿ" ಎಂದು ಹೊರಡುವಾಗಲೇ ಖಡಾಖಂಡಿತವಾಗಿ ಹೇಳಿದ್ದಳು.

ಅಧಿಕಾರಿ ಒಂದು ಕಟ್ಟನ್ನು ಟೇಬಲ್ಲಿನ ಮೇಲೆ ಎಸೆದ. "ಹದಿನಾಲ್ಕು ಹಾಳೆ. ಕಾನೂನು ಪ್ರಕಾರ ಕೊಟ್ಟಾಯ್ತು. ಇನ್ನು ಈ ಕಡೆ ತಲೆ ಹಾಕ್ಬೇಡ."

ಹೊರಗಿನ ಮೆಟ್ಟಿಲ ಮೇಲೆ ಕೂತು ಅಡುಗೆಯವನ ಹೆಂಡತಿ ಹಾಳೆ ಬಿಡಿಸಿದಳು. ತುಕ್ಕಕ್ಕ ಅವಳ ತುಟಿಯನ್ನೇ ನೋಡುತ್ತ ಕೂತಳು.

"ಹಡಗಿನ ತಳದ..."

"ತಳದ?"

"ಕಪ್ಪು."

"ಆಮೇಲೆ?"

"ಕಪ್ಪು ಕಣೇ. ಬರೀ ಕಪ್ಪು. ಸಾಲು ಸಾಲಿಗೆ ಮಸಿ ಬಳಿದವ್ರೆ ಬೇವರ್ಸಿಗಳು."

ತುಕ್ಕಕ್ಕ ದಡದಡನೆ ಒಳಗೆ ಹೋದಳು. ಅಧಿಕಾರಿ ತಲೆಯೆತ್ತಲಿಲ್ಲ. "ಅದು ಧಣಿಗಳ ವ್ಯಾಪಾರದ ಗುಟ್ಟು. ಮೂರನೆಯವರಿಗೆಲ್ಲಾ ತೋರ್ಸೋಕಾಗಲ್ಲ."

"ಸತ್ತೋನು ನನ್ ಗಂಡ ಸಾಮಿ. ನಾನು ಹ್ಯಾಗೆ ಮೂರನೆಯವಳಾದೆ?"

"ಏಯ್, ಯಾರಲ್ಲಿ? ಹೊರಗ್ಹಾಕು ಇವಳನ್ನ!"

ಜವಾನ ರಟ್ಟೆ ಹಿಡಿದು ಎಳೆದುತಂದು ಮೆಟ್ಟಿಲ ಮೇಲೆ ಬಿಟ್ಟ. ಅಡುಗೆಯವನ ಹೆಂಡತಿ ಆಗ ಕೊನೆಯ ಹಾಳೆ ನೋಡುತ್ತಿದ್ದಳು. "ಇದ್ರಲ್ಲಿ ಒಂದೆರಡು ಮಾತು ಉಳ್ಕೊಂಡಿದೆ ನೋಡು. 'ಹಡಗು ತಡೆ ನೋಟೀಸು ತಲುಪಿದೆ' ಅಂತ. ತಾರೀಖು... ಅವ್ರು ಹೊರಡೋಕೆ ಎರಡು ದಿನ ಮುಂಚಿಂದು. ಕೆಳಗೆ ಯಾರ್ದೋ ಹೆಬ್ಬೆಟ್ಟು."

ಹೆಸರು, ಸಹಿ, ಎಲ್ಲಕ್ಕೂ ಮಸಿ ಬಿದ್ದಿತ್ತು. ಹೆಬ್ಬೆಟ್ಟನ್ನು ಯಾರು ಓದುತ್ತಾರೆಂದು ಬಿಟ್ಟಿರಬೇಕು. ಹದಿನಾಲ್ಕು ಹಾಳೆಯಲ್ಲಿ ತುಕ್ಕಕ್ಕನಿಗೆ ಓದಲು ಬರುವುದು ಅದೊಂದೇ ಇತ್ತು. ಮೇಲರ್ಧವೇ ಇಲ್ಲದ, ಕಡಿದ ಬಾಳೆಕಾಯಿಯಂಥ ಮೊಂಡು ಗುರುತು. ಹಗ್ಗಕ್ಕೆ ಸಿಕ್ಕಿ ಬೆರಳಿನ ತುದಿ ಹಾರಿಹೋದ ದಿನ ತನ್ನ ಸೆರಗು ಹರಿದು ಕಟ್ಟಿದವಳೇ ಅವಳು.

"ಅಯ್ಯೋ," ಅಂದಳು. "ನಮ್ಮಣ್ಣ."

ಧಣಿಯ ಹಡಗುಗಳನ್ನು ರಿಪೇರಿ ಮಾಡುವ, ಅವಳೂ ತುಕ್ಕು ಕೆರೆಯುವ ಹಡಗುಕಟ್ಟೆಗೆ ಅವಳ ಅಣ್ಣನೇ ಮೇಸ್ತ್ರಿ. ಸಾವಿನ ಸುದ್ದಿ ಬಂದ ದಿನ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಗೊಳೋ ಎಂದು ಅತ್ತಿದ್ದ. ಆಮೇಲೆ, "ಕುಡ್ದಿದ್ನೋ ಏನೋ, ಬಿಡಮ್ಮ, ಕೆದಕಬೇಡ" ಎಂದಿದ್ದ. ಅಷ್ಟು ದಿನ ಅದನ್ನು ಅವಳು ಪ್ರೀತಿ ಎಂದುಕೊಂಡಿದ್ದಳು.

ಇಬ್ಬರೂ ಹಡಗುಕಟ್ಟೆಗೆ ಬಂದಾಗ ಧಣಿಯ ಇನ್ನೊಂದು ಹಡಗು ಇಳಿಜಾರಿನ ಮೇಲೆ ನಿಂತಿತ್ತು, ಹೊಸ ಬಣ್ಣದಲ್ಲಿ ಮದುಮಗನ ಹಾಗೆ. ಮಧ್ಯಾಹ್ನ ನೀರಿಗಿಳಿಸಿ ಸಂಜೆಗೆ ಹೊರಡಿಸುವುದಿತ್ತು. ಅದರಲ್ಲಿ ಹೋಗಲಿದ್ದ ಒಂಬತ್ತು ಜನ ಹೊಸ ನಾವಿಕರು ಗಂಟುಮೂಟೆ ಇಟ್ಟುಕೊಂಡು ನೆರಳಲ್ಲಿ ಕೂತಿದ್ದರು. ತಪಾಸಣೆ ಸಾಹೇಬ ಧಣಿಯ ಕೋಣೆಯಲ್ಲಿ ತಣ್ಣಗೆ ಚಹಾ ಕುಡಿಯುತ್ತಿದ್ದ.

ತುಕ್ಕಕ್ಕ ಹಾಳೆಯನ್ನು ಅಣ್ಣನ ಮೂಗಿನ ಮುಂದೆ ಹಿಡಿದಳು.

"ಇದೇನೋ?"

ಮೇಸ್ತ್ರಿ ನೋಡಿದ. ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡ. "ನಂಗೇನು ಓದೋಕೆ ಬರುತ್ತಾ? ಒತ್ತು ಅಂದ್ರು, ಒತ್ತಿದೆ."

"ಓದಿ ಹೇಳಿದ್ರಾ ಇಲ್ವಾ?"

ಅವನು ಹಡಗಿನ ಕಡೆ ಮುಖ ತಿರುಗಿಸಿದ.

"ನನ್ ಕಣ್ಣು ನೋಡಿ ಹೇಳೋ. ಓದಿ ಹೇಳಿದ್ರಾ?"

"ಹೇಳಿದ್ರು. ತಳ ಪೂರ್ತಿ ತೂತು, ತಗಡು ಬದಲಾಯಿಸೋವರ್ಗೂ ಹೊರಡಂಗಿಲ್ಲ ಅಂದ್ರು. ಮಾರನೇ ದಿನ ಧಣಿ ಅದೇನು ಮಾಡಿದ್ನೋ, ಅದೇ ಆಫೀಸಿಂದ ಬೇರೆ ಕಾಗದ ಬಂತು. ಎಲ್ಲಾ ಸರಿಯಿದೆ ಅಂತ. ನಾನು ಬಾಯಿ ಬಿಟ್ಟಿದ್ರೆ ಕಟ್ಟೇನೇ ಮುಚ್ಚಿಸ್ತಿದ್ದ ಕಣಮ್ಮ. ನಲವತ್ತು ಜನರ ಅನ್ನ!"

"ಅವತ್ತು ಬೆಳಿಗ್ಗೆ ನಿನ್ ತಂಗಿ ಗಂಡನ ಬುತ್ತಿ ಹಡಗಿಗೆ ಎತ್ತಿಕೊಟ್ಟೋನು ನೀನೇ ಅಲ್ವೇನೋ, ಬೋಳಿಮಗನೇ! ಹುಷಾರು ಅಂತ ಒಂದು ಮಾತು ಕಿವೀಲಿ ಹೇಳೋಕೆ ನಾಲಿಗೆ ಬಿದ್ದೋಗಿತ್ತಾ?"

"ನಿನ್ ಕೈಯೇನು ಚೊಕ್ಕಟಾನಾ?" ಮೇಸ್ತ್ರಿ ಸಿಡಿದ. "ಆ ತೂತಿಗೆಲ್ಲಾ ಸಿಮೆಂಟ್ ಮೆತ್ತಿ ಬಣ್ಣ ಬಳಿದೋಳು ಯಾರೇ? ನಾನಾ?"

ಅದು ನಿಜ. ತುಕ್ಕು ಕೆರೆಯುವಾಗ ತಗಡು ಉದುರಿದರೆ ಸಿಮೆಂಟ್ ಮೆತ್ತಿ ಬಣ್ಣ ಹೊಡೆಯುವುದು ಕಟ್ಟೆಯ ಹೆಂಗಸರ ಕೆಲಸ. ಯಾರ ಎದೆಯೂ ಅದಕ್ಕೆ ಅಳುಕುತ್ತಿರಲಿಲ್ಲ. ಸಾಹೇಬರು ಸುತ್ತಿಗೆಯಲ್ಲಿ ಬಡಿದು ನೋಡುತ್ತಾರೆ, ಟೊಳ್ಳಿದ್ದರೆ ಸದ್ದೇ ಹೇಳುತ್ತದೆ, ಓದಿದವರು, ಬಿಟ್ಟಾರೆಯೇ? ಆ ನಂಬಿಕೆಯ ಮೇಲೆಯೇ ಅವಳು ಗಂಡನ ಹಡಗಿಗೂ ಮೆತ್ತಿದ್ದಳು. ಸಾಹೇಬರು ಬಡಿದೂ ನೋಡಿದ್ದರು, ಸದ್ದು ಕೇಳಿಯೂ ಇದ್ದರು. ಕೇಳಿ, ಬರೆದು, ಬರೆದದ್ದಕ್ಕೆ ಮಸಿ ಬಳಿದಿದ್ದರು.

ಅಡುಗೆಯವನ ಹೆಂಡತಿ ಮೇಸ್ತ್ರಿಯ ಮುಖಕ್ಕೆ ಕ್ಯಾಕರಿಸಿ ಉಗಿದಳು.

ತುಕ್ಕಕ್ಕ ತನ್ನ ಸುತ್ತಿಗೆ ತೆಗೆದುಕೊಂಡು ಹೊಸ ಬಣ್ಣದ ಹಡಗಿನ ಕಡೆ ನಡೆದಳು. ಏಣಿ ಒರಗಿಸಿದಳು. ಅದು ಅಲುಗಾಡಿತು. ಅಡುಗೆಯವನ ಹೆಂಡತಿ ಓಡಿಬಂದು ಏಣಿಯ ಬುಡವನ್ನು ಗಟ್ಟಿಯಾಗಿ ಹಿಡಿದು ನಿಂತಳು.

"ಬೇಡ! ಬೇಡ ಕಣಮ್ಮ, ಕಾಲಿಗೆ ಬೀಳ್ತೀನಿ!" ಮೇಸ್ತ್ರಿ ಕೂಗಿದ.

ಮೊದಲ ಏಟಿಗೆ ಬಣ್ಣ ಸಿಡಿಯಿತು. ಎರಡನೆಯದಕ್ಕೆ ತಟ್ಟೆಯಷ್ಟಗಲದ ಸಿಮೆಂಟ್ ಕಳಚಿ ಕೆಳಗೆ ಬಿದ್ದು ಪುಡಿಯಾಯಿತು. ನೆರಳಲ್ಲಿದ್ದ ಒಂಬತ್ತು ಜನರೂ ಎದ್ದು ನಿಂತರು. ಅವರಲ್ಲಿ ಹಿರಿಯನೊಬ್ಬ ಏಣಿಯ ಅರ್ಧಕ್ಕೆ ಹತ್ತಿ ತೂತಿನೊಳಗೆ ಕೈ ಹಾಕಿದ. ಮೊಣಕೈವರೆಗೂ ಹೋಯಿತು.

"ಯಾರವ್ವಾ ನಿಂಗೆ ಇದನ್ನ ಹೇಳಿದ್ದು?"

"ಯಾರು ಹೇಳ್ಬೇಕು? ನಾನೇ ಮೆತ್ತಿದ್ದು. ನಿನ್ನೆ."

ಚಹಾದ ಲೋಟ ಹಿಡಿದೇ ಧಣಿ, ಅವನ ಹಿಂದೆ ತಪಾಸಣೆ ಸಾಹೇಬ ಹೊರಗೋಡಿ ಬಂದರು. "ಹಿಡೀರೋ ಆ ಸೂಳೆಮಗಳನ್ನ!" ಧಣಿ ಅರಚಿದ. ಕಟ್ಟೆಯ ನಲವತ್ತು ಆಳುಗಳಲ್ಲಿ ಒಬ್ಬನೂ ಕದಲಲಿಲ್ಲ. ಮೇಸ್ತ್ರಿ ಮಾತ್ರ ಏಣಿಯತ್ತ ಎರಡು ಹೆಜ್ಜೆ ಇಟ್ಟ.

ತುಕ್ಕಕ್ಕ ಹಿಂತಿರುಗಿ ನೋಡಲಿಲ್ಲ. ಇನ್ನೂ ಆರು ಕಡೆ ಮೆತ್ತಿದ್ದಳು. ಏಣಿಯಿಂದ ಒಂದು ಮೊಳ ಎಡಕ್ಕೆ ಬಾಗಿ ಸುತ್ತಿಗೆ ಎತ್ತಿದಳು.