ಬೀಗದ ಭಾನುವಾರದ ಬಲ್ಬುಗಳು

"ಅಮ್ಮಾ, ಇದೇನು ಕೈಗೂಸಾ? ಹಾಕು ಕಸಕ್ಕೆ."

ಏಣಿಯ ಮೇಲೆ ನಿಂತಿದ್ದ ಟ್ರೀನಾ, ಊಟದ ಕೋಣೆಯ ಸೀಲಿಂಗಿನೊಳಗೆ ಹುದುಗಿದ್ದ ದೀಪದ ಡಬ್ಬಿಗಳಿಂದ ಹಳೆಯ ಬಲ್ಬುಗಳನ್ನು ಬಿಚ್ಚಿ ಕೆಳಗೆ ಕೊಡುತ್ತಿದ್ದಳು. ಏಣಿ ಹಿಡಿದಿದ್ದ ಅವಳ ತಾಯಿ ವರ್ನಾ ಪೊಕೊರ್ನಿ ಒಂದೊಂದನ್ನೂ ಟವೆಲಿನಲ್ಲಿ ಸುತ್ತಿ ದಿಂಬಿನ ಚೀಲಕ್ಕೆ ಇಳಿಸುತ್ತಿದ್ದಳು.

"ಕಸಕ್ಕೆ ಹಾಕೋಕೆ ನಿಮ್ಮಪ್ಪ ಅಂಗಡಿಯಿಂದ ತಂದಿದ್ದಲ್ಲ ಇದು. ನಾನು ಮಾಡಿದ್ದು."

"ನೀನು ಮಾಡಿದ್ದು ಅಂತ ಮನೆ ಸುಟ್ಟುಕೊಳ್ಳೋಕಾಗುತ್ತಾ? ಅಟ್ಟಕ್ಕೆ ಬಂದಿದ್ದವರು ಹೇಳಿದ್ದು ಕೇಳಿಸ್ತಲ್ಲ."

ಕೇಳಿಸಿತ್ತು. ಚಳಿಗಾಲಕ್ಕೆ ಮುಂಚೆ ಬಡವರ ಮನೆಗಳ ಅಟ್ಟಕ್ಕೆ ಹತ್ತಿಯಂಥ ಹೊದಿಕೆ ತುಂಬುವ ಯೋಜನೆಯೊಂದು ಊರಿಗೆ ಬಂದಿತ್ತು. ಕೊಳವೆ ಹಿಡಿದು ಬಂದವರು ಅಟ್ಟವನ್ನೆಲ್ಲ ತುಂಬಿ, ಹೋಗುವಾಗ ಹೇಳಿದ್ದರು: ಇನ್ನು ಈ ಡಬ್ಬಿಗಳಿಗೆ ಉಸಿರಾಡಲು ಜಾಗವಿಲ್ಲ, ಬಿಸಿಯಾಗುವ ಬಲ್ಬು ಹಾಕಬೇಡಿ, ಎಲ್‌ಇಡಿಯೊಂದೇ ಹಾಕಿ.

ಹೊಸ ಎಲ್‌ಇಡಿಗಳನ್ನು ಕೂರಿಸಿ ಇಳಿದು, ಟ್ರೀನಾ ಗುಂಡಿ ಒತ್ತಿದಳು. ಬೆಳಕು ಬಿತ್ತು. ವರ್ನಾ ಅಭ್ಯಾಸದಂತೆ ಅಂಗೈಯನ್ನು ಮೇಲೆತ್ತಿ ಬಲ್ಬಿನತ್ತ ಹಿಡಿದಳು. ಏನೂ ತಾಗಲಿಲ್ಲ. ಕಾವಿಲ್ಲದ ಬೆಳಕು.

"ಹೇಗಿದೆ?"

"ಆಸ್ಪತ್ರೆ ಥರ ಇದೆ," ಅಂದಳು ವರ್ನಾ.

ಸುಳ್ಳು ಹೇಳಿದ್ದಳು. ಮಗಳು ಹೋದ ಮೇಲೆ ಅದೇ ಬೆಳಕಿನಲ್ಲಿ ಕೂತು ಸೂಜಿಗೆ ದಾರ ಪೋಣಿಸಿದಳು, ಒಂದೇ ಸಲಕ್ಕೆ ಒಳಗೆ ಹೋಯಿತು. ಕೋಣೆ ತಂಪಾಗಿತ್ತು. ಕಣ್ಣಿಗೆ ಹಿತವಾಗಿತ್ತು. ಹಿತವಾಯಿತಲ್ಲ ಎಂಬುದೇ ಅವಳನ್ನು ಒಳಗಿನಿಂದ ಕೊರೆಯತೊಡಗಿತು. ಕಿಟಕಿಯ ಪರದೆ ಎಳೆದು, ಬೀದಿಯಿಂದ ಯಾರಿಗೂ ಕಾಣದ ಹಾಗೆ ಮಾಡಿ, ಆಮೇಲೆ ಹೊಲಿಗೆ ಮುಂದುವರಿಸಿದಳು.

ಓಹಾಯೊದ ನಮ್ಮೂರು ಬಲ್ಬಿನ ಊರು. ಕಾರ್ಖಾನೆಗೆ ಬೀಗ ಬಿದ್ದದ್ದು ವರ್ಷಗಳ ಹಿಂದೆ, ಒಂದು ಸೆಪ್ಟೆಂಬರಿನಲ್ಲಿ. ಬೀಗ ಹಾಕಿದವರು ಯಂತ್ರಗಳನ್ನು ಬಿಚ್ಚಿ ಲಾರಿಗೆ ಹೇರಿ ಕಡಲಾಚೆ ಕಳಿಸಿದರು. ಹೋಗುವ ಮುನ್ನ ಹೆಂಗಸರಿಗೆಲ್ಲ ಒಂದೊಂದು ಕಾಫಿ ಲೋಟ ಹಂಚಿದರು, ಅದರ ಮೇಲೆ ಧನ್ಯವಾದ ಎಂದು ಅಚ್ಚಾಗಿತ್ತು. ಅವರಲ್ಲಿ ಒಬ್ಬನೂ ತಲೆತಗ್ಗಿಸಲಿಲ್ಲ. ಅವರ ಮನೆ ಬಾಗಿಲಿಗೆ ಹೋಗಿ, ನಿಮ್ಮ ಸೂರಿನಲ್ಲಿ ಉರಿಯುತ್ತಿರುವುದು ಯಾವ ದೇಶದ ಬಲ್ಬು ಎಂದು ನಾವ್ಯಾರೂ ಕೇಳಲಿಲ್ಲ. ಕೇಳಿದ್ದು ಒಬ್ಬರನ್ನೊಬ್ಬರು. ನಾಚಿಕೆ ಅವರ ಪಾಲಿಗೆ ಹೋಗಬೇಕಾಗಿತ್ತು. ಅದನ್ನು ಮನೆಗೆ ತಂದು ನಾವೇ ಹಂಚಿಕೊಂಡೆವು.

ಪ್ರತಿ ಸೆಪ್ಟೆಂಬರಿನಲ್ಲಿ ಬೀಗದ ಭಾನುವಾರ ಎಂದು ಒಂದು ದಿನ. ಒಂದೇ ಸಾಲಿನಲ್ಲಿ ಕೆಲಸ ಮಾಡಿದ ಹೆಂಗಸರು ಒಬ್ಬೊಬ್ಬರ ಮನೆಯಲ್ಲಿ ಸರದಿಯಂತೆ ಸೇರುವುದು. ಪಾಳಿ ಬದಲಾಗುತ್ತಿದ್ದದ್ದು ಮಧ್ಯಾಹ್ನ ಮೂರಕ್ಕೆ. ಆ ಹೊತ್ತಿಗೆ ಪರದೆಗಳನ್ನೆಲ್ಲ ಎಳೆದು ದೀಪ ಹಾಕುವುದು. ಉರಿಯುವುದು ನಮ್ಮ ಕಾರ್ಖಾನೆಯ ಬಲ್ಬುಗಳೇ ಆಗಿರಬೇಕು. ಆಮೇಲೆ ಸಾಲಿನಲ್ಲಿ ಯಾರು ಎಲ್ಲಿ ಕೂರುತ್ತಿದ್ದರೋ ಅದೇ ಕ್ರಮದಲ್ಲಿ ತಮ್ಮ ಕೆಲಸದ ಹೆಸರು ಹೇಳುವುದು. ತಂತಿ. ಗಾಜು. ಗಾಳಿ. ತಳ. ಪರೀಕ್ಷೆ. ತೀರಿಹೋದವರ ಜಾಗ ಬಂದಾಗ ಎಲ್ಲರೂ ಒಂದು ಉಸಿರಿನಷ್ಟು ಹೊತ್ತು ಸುಮ್ಮನಿರುವುದು.

ತಳದ ಜಾಗಕ್ಕೆ ಮಾತ್ರ ಮೌನವೂ ಇರಲಿಲ್ಲ. ಅದನ್ನು ಹಾರಿಸಿ ಹೋಗುತ್ತಿದ್ದರು.

ತಳ ಎಂದರೆ ಜೆನೀವಾ ಹಲಾಸ್. ಗಾಳಿ ಎಂದರೆ ವರ್ನಾ. ವರ್ನಾ ಒಳಗಿನ ಗಾಳಿ ಹೀರಿ ಮುಚ್ಚಿಸಿದ ಬಲ್ಬು ಮುಂದಕ್ಕೆ ಹೋಗುತ್ತಿದ್ದದ್ದು ಜೆನೀವಾಳ ಕೈಗೆ, ತಿರುಪಿನ ತಳ ಕೂರಿಸಲು. ಇಬ್ಬರೂ ಒಂದೇ ಕಾರಿನಲ್ಲಿ ಬಂದು ಹೋಗುತ್ತಿದ್ದರು, ಒಂದೇ ಡಬ್ಬಿಯಿಂದ ತಿನ್ನುತ್ತಿದ್ದರು. ಬೀಗ ಬಿದ್ದು ವರ್ಷ ಕಳೆದ ಮೇಲೆ ಸರದಿ ಜೆನೀವಾಳ ಮನೆಗೆ ಬಂತು. ಮೂರು ಗಂಟೆಗೆ ಅವಳು ದೀಪ ಹಾಕಿದಾಗ ಸೂರಿನಲ್ಲಿ ಸುರುಳಿ ಸುತ್ತಿದ ಹೊರದೇಶದ ಬಲ್ಬುಗಳು ಬೆಳಗಿದವು. ಯಾಕೆ ಅಂತ ಕೇಳಿದರೆ, "ಅಗ್ಗ ಇತ್ತು, ತಂದೆ. ಕರೆಂಟೂ ಕಮ್ಮಿ ತಿನ್ನುತ್ತೆ," ಅಂದಿದ್ದಳು. ಕಾರ್ಮಿಕ ಸಂಘದಲ್ಲಿ ನಮ್ಮ ಮುಂದಾಳಾಗಿದ್ದ ಒಡೆಸ್ಸಾ ಟಬ್ಸ್ ಎದ್ದು ಕೋಟು ಹಾಕಿಕೊಂಡಳು. ಅವಳ ಹಿಂದೆ ಎಲ್ಲರೂ ಎದ್ದರು. ವರ್ನಾಳೂ ಎದ್ದಳು. ಮೇಜಿನ ಮೇಲೆ ಊಟಕ್ಕಿಟ್ಟ ಹಂದಿಮಾಂಸದ ಹ್ಯಾಮ್ ಕತ್ತರಿಸದೆ ಹಾಗೇ ಉಳಿಯಿತು. ಅಂದಿನಿಂದ ಜೆನೀವಾಳನ್ನು ಯಾರೂ ಕರೆಯಲಿಲ್ಲ. ವರ್ನಾಳ ಮನೆಯಿಂದ ಅವಳ ಮನೆ ಕಾಣುತ್ತದೆ.

ಈ ಸೆಪ್ಟೆಂಬರಿನ ಸರದಿ ವರ್ನಾಳದು.

ಆ ಭಾನುವಾರ ಬೆಳಿಗ್ಗೆ ಅವಳು ತಾನೇ ಏಣಿ ಹತ್ತಿದಳು. ಟ್ರೀನಾಳಿಗೆ ಹೇಳಲಿಲ್ಲ. ಎಲ್‌ಇಡಿಗಳನ್ನೆಲ್ಲ ಬಿಚ್ಚಿ, ಬಟ್ಟೆ ಒಗೆಯುವ ಯಂತ್ರದೊಳಗೆ ಬಚ್ಚಿಟ್ಟು, ದಿಂಬಿನ ಚೀಲದ ಬಲ್ಬುಗಳನ್ನು ಮತ್ತೆ ತಿರುಗಿಸಿ ಕೂರಿಸಿದಳು. ಮೇಲೆ ಹೊದಿಕೆ ತುಂಬಿದೆ, ಕಾವು ಹೋಗಲು ದಾರಿಯಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಆಯುಷ್ಯವೆಲ್ಲ ಬಲ್ಬಿನ ಕಾವಿನಲ್ಲಿ ಕಳೆದವಳು. ಹೆಸರು ಹೇಳುವಷ್ಟು ಹೊತ್ತು ತಾನೇ, ಆಮೇಲೆ ಆರಿಸಿಬಿಡುತ್ತೇನೆ ಎಂದುಕೊಂಡಳು.

ಮೊದಲೆಲ್ಲ ಮನೆ ತುಂಬುತ್ತಿತ್ತು. ಈಗ ಬಂದವರು ಇಬ್ಬರೇ. ಕೋಲೂರಿಕೊಂಡು ಒಡೆಸ್ಸಾ, ಅವಳ ಹಿಂದೆ ಸಿಹಿ ತುಂಬಿದ ಬಟ್ಟಲು ಹಿಡಿದು ಡಾಟಿ. ಡಾಟಿ ಎಂದರೆ ಪರೀಕ್ಷೆ, ಸಾಲಿನ ಕೊನೆ. ಬಾಯಿಗೆ ಮಾತ್ರ ಕೊನೆಯಿಲ್ಲ.

"ಏನೇ ವರ್ನಾ, ಇಷ್ಟು ತೆಳ್ಳಗಾಗಿದ್ದೀಯ? ಮಗಳು ಊಟ ಹಾಕಲ್ವಾ?"

"ನಿನ್ನ ಕನ್ನಡಕ ಬದಲಾಯಿಸು, ಡಾಟಿ. ನಾನು ಹೋದ ವರ್ಷದಷ್ಟೇ ಇದ್ದೀನಿ."

"ಕೊಲಾಚೆ ಮಾಡಿದ್ದೀಯಾ? ಗಸಗಸೆದು?" ಕೂರುತ್ತಾ ಒಡೆಸ್ಸಾ ಕೇಳಿದಳು.

"ಮಾಡಿದ್ದೀನಿ ಅಕ್ಕ." ವರ್ನಾ ಆ ಸಿಹಿ ಬನ್ನುಗಳ ತಟ್ಟೆಯನ್ನು ಮುಂದಿಟ್ಟಳು.

ಮೂರು ಹೊಡೆಯಿತು. ವರ್ನಾ ಪರದೆ ಎಳೆದು ಗುಂಡಿ ಒತ್ತಿದಳು. ಹಳದಿ ಬೆಳಕು ಮೇಜಿನ ಮೇಲೆ ಬೆಣ್ಣೆಯ ಹಾಗೆ ಹರಡಿತು. ಒಡೆಸ್ಸಾ ತಲೆಯೆತ್ತಿ ಪ್ರತಿ ಡಬ್ಬಿಯನ್ನೂ ನೋಡಿದಳು.

"ತಂತಿ," ಅಂದಳು.

ಗಾಜಿನವಳು ತೀರಿಹೋಗಿದ್ದಳು. ಮೌನ.

"ಗಾಳಿ," ಅಂದಳು ವರ್ನಾ.

"ಪರೀಕ್ಷೆ," ಡಾಟಿ ಅಂದಳು, ತಕ್ಷಣ, ಅಭ್ಯಾಸದಂತೆ ಹಾರಿಸಿ.

ವರ್ನಾ ಎದ್ದು ಗುಂಡಿಯತ್ತ ಹೆಜ್ಜೆಯಿಟ್ಟಳು. "ಇರಲಿ ಬಿಡೇ," ಒಡೆಸ್ಸಾ ತಡೆದಳು. "ಎಷ್ಟು ಚೆನ್ನಾಗಿದೆ. ಸ್ವಲ್ಪ ಹೊತ್ತು ಉರೀಲಿ. ನಮ್ಮ ಬೆಳಕಲ್ಲಿ ಕೂತು ತಿನ್ನೋಣ."

ತಿನ್ನತೊಡಗಿದರು. ಡಾಟಿ ತನ್ನ ನೆರೆಯವನ ನಾಯಿಯ ಕಥೆ ಹಿಡಿದಳು. ವರ್ನಾಳಿಗೆ ಒಂದು ಮಾತೂ ಕಿವಿಗೆ ಬೀಳಲಿಲ್ಲ. ಸೀಲಿಂಗಿನಿಂದ ಬೆಚ್ಚಗಿನ ಧೂಳಿನ ವಾಸನೆ ಬರುತ್ತಿತ್ತು. ನೆತ್ತಿ ಬೆವರಿತು. ಎದ್ದು ಆರಿಸಿದರೆ ಯಾಕೆ ಎಂದು ಕೇಳುತ್ತಾರೆ, ಆರಿಸದಿದ್ದರೆ ಮನೆಯೇ ಸುಟ್ಟೀತು. ಕೊಲಾಚೆ ಬಾಯಲ್ಲಿ ಮಣ್ಣಾಯಿತು. ಆದರೂ ಏಳಲಿಲ್ಲ.

ಕಿಟಕಿಯ ಪಕ್ಕದ ಬಲ್ಬು ಆರಿತು.

"ಒಂದು ಹೋಯ್ತು," ಡಾಟಿ ಅಂದಳು. "ಅದು ನಾನಿಲ್ಲದಾಗ ಪರೀಕ್ಷೆ ಆಗಿದ್ದಿರಬೇಕು."

ಇನ್ನೊಂದು ಆರಿತು. ಮತ್ತೊಂದು. ಮೇಜಿನ ಮೇಲಿನದೂ ಆರಿತು. ಮೂವರೂ ಪರದೆ ಎಳೆದ ಕತ್ತಲಲ್ಲಿ ಕೂತಿದ್ದರು.

"ನಿನ್ನ ಸೀಲಿಂಗು ಮುಷ್ಕರ ಹೂಡ್ತು ಕಣೇ," ಡಾಟಿ ನಕ್ಕಳು.

ಒಡೆಸ್ಸಾ ನಗಲಿಲ್ಲ. "ಬಲ್ಬು ಹೋಗಿಲ್ಲ. ಕಾವು ಮಿತಿ ಮೀರಿ ಡಬ್ಬಿ ತಾನಾಗೇ ಕರೆಂಟು ಕಡಿದುಕೊಂಡಿದೆ. ಅಟ್ಟ ತುಂಬಿಸಿದ್ದೀಯಾ?"

"ಹೂಂ."

"ಅಟ್ಟ ತುಂಬಿಸಿದ ಮೇಲೆ ದಿನಾ ಇದನ್ನ ಉರಿಸ್ತಾ ಇದ್ದೆಯಾ?"

ವರ್ನಾ ಎಂಜಲು ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸತೊಡಗಿದಳು.

"ದಿನಾ ಏನು ಉರಿಸ್ತೀಯ ವರ್ನಾ?"

ವರ್ನಾ ಎದ್ದುಹೋಗಿ, ಒಗೆಯುವ ಯಂತ್ರದಿಂದ ಎಲ್‌ಇಡಿಗಳನ್ನು ತಂದು ಕೊಲಾಚೆಯ ತಟ್ಟೆಯ ಪಕ್ಕ ಇಟ್ಟಳು. "ಇದನ್ನ. ನನಗೆ ಇದು ಇಷ್ಟವಾಗಿದೆ, ಅಕ್ಕ. ಅದನ್ನೂ ಹೇಳಿಬಿಡ್ತೀನಿ."

ಕೋಟು ತೊಡುವ ಸದ್ದಿಗಾಗಿ ಕಾದಳು. ಕುರ್ಚಿ ಸರಿಯುವ ಸದ್ದಿಗಾಗಿ ಕಾದಳು. ಕತ್ತಲಲ್ಲಿ ಡಾಟಿಯ ಕೆಮ್ಮು ಕೇಳಿಸಿತು.

"ನಮ್ಮ ಮನೇಲೂ ಅದೇ," ಅಂದಳು ಡಾಟಿ. "ಹೋದ ಸಲ ನೀವು ಬಂದಾಗ ನಾನೂ ಬದಲಾಯಿಸಿದ್ದೆ. ನೀವು ಹೋದ ಮೇಲೆ ಮತ್ತೆ ಹಾಕಿಕೊಂಡೆ."

ಇಬ್ಬರೂ ಒಡೆಸ್ಸಾಳತ್ತ ತಿರುಗಿದರು. ಅವಳು ಕೋಲಿನ ಹಿಡಿಯನ್ನು ಒರೆಸುತ್ತಿದ್ದಳು, ಅದರಲ್ಲಿ ಕೊಳೆಯೇನೂ ಇರಲಿಲ್ಲ.

"ನನ್ನದು ಇನ್ನೂ ಹಳೇ ಕಥೆ," ಅಂದಳು ಕೊನೆಗೆ. "ಸುರುಳಿ ಬಲ್ಬು ಬಂದಾಗಲೇ ತಂದೆ. ಜೆನೀವಾ ಮನೆಯಿಂದ ಎದ್ದು ಬಂದೆವಲ್ಲ, ಅವತ್ತು ನನ್ನ ಮಲಗೋ ಕೋಣೇಲಿ ಅದೇ ಉರೀತಿತ್ತು."

"ಅಕ್ಕ," ಅಂದಳು ಡಾಟಿ.

"ಮಲಗೋ ಕೋಣೆ ಯಾರು ನೋಡ್ತಾರೆ ಅಂದುಕೊಂಡಿದ್ದೆ."

ಕಂಪನಿಯ ಗೇಟಿನ ಮುಂದೆ ಹಿಮದಲ್ಲಿ ನಿಂತು ಗಂಟಲು ಹರಿಯುವಂತೆ ಕೂಗಿದ ಹೆಂಗಸು ಒಡೆಸ್ಸಾ. ವರ್ನಾಳಿಗೆ ಅವಳ ಮೇಲೆ ಸಿಟ್ಟು ಬರಬೇಕಾಗಿತ್ತು. ಬರಲಿಲ್ಲ. ಬಂದದ್ದು ಬೇರೆ: ಎಲ್ಲರೂ ಮಾಡಿದ್ದನ್ನು ಒಬ್ಬಳು ಮುಚ್ಚಿಡಲಿಲ್ಲ, ನಾವು ಹೊರಗೆ ಹಾಕಿದ್ದು ಅವಳೊಬ್ಬಳನ್ನೇ. ಅವತ್ತು ತಾನು ಯಾಕೆ ಎದ್ದೆ ಎಂದು ನೆನಪಿಸಿಕೊಂಡಳು. ಬಲ್ಬಿನ ಮೇಲಿನ ಸಿಟ್ಟಿಗಲ್ಲ. ಎಲ್ಲರೂ ಎದ್ದಿದ್ದರು, ಕೂತರೆ ತನ್ನನ್ನೂ ಜೆನೀವಾಳ ಜೊತೆ ಸೇರಿಸಿಬಿಡುತ್ತಾರೆ ಎಂದು.

ತಟ್ಟೆಗೆ ಗಸಗಸೆಯ ಕೊಲಾಚೆ ಹಾಕಿಕೊಂಡು ಹೊರಟಳು. ಯಾರೂ ಎಲ್ಲಿಗೆಂದು ಕೇಳಲಿಲ್ಲ.

ಜೆನೀವಾ ಜಾಲರಿ ಬಾಗಿಲನ್ನು ತೆರೆಯಲಿಲ್ಲ. ಜಾಲರಿಯ ಹಿಂದೆ ಅವಳ ಮುಖ ಬೂದಿ ಬಣ್ಣವಾಗಿ ಕಂಡಿತು. ಕೂದಲು ಪೂರಾ ಬೆಳ್ಳಗಾಗಿತ್ತು. ಬೀದಿಯಾಚೆಯಿಂದ ನೋಡುವಾಗ ವರ್ನಾಳಿಗೆ ಅದು ಗೊತ್ತಾಗಿರಲಿಲ್ಲ. ನೋಡದ ಹಾಗೆ ನೋಡುತ್ತಿದ್ದಳಲ್ಲ.

"ಏನು?"

"ಇವತ್ತು ನಮ್ಮನೇಲಿ ಸೇರಿದ್ದೀವಿ. ನೀನು ಬಾ, ಜೆನೀ."

"ಯಾಕೆ?"

"ನನ್ನ ಮನೇಲೂ ಹೊಸ ಬಲ್ಬೇ ಇದೆ. ಡಾಟಿ ಮನೇಲೂ. ಒಡೆಸ್ಸಾ ಅಕ್ಕನ ಮನೇಲಂತೂ ಅವತ್ತಿನಿಂದಲೇ ಇತ್ತಂತೆ. ಇವತ್ತು ಎಲ್ಲ ಹೊರಗೆ ಬಂತು. ನಾವು ನಿನಗೆ ತಪ್ಪು ಮಾಡಿದ್ವಿ."

ಜೆನೀವಾ ತಟ್ಟೆಯನ್ನು ನೋಡಿದಳು. ಅವಳಿಗೆ ಗಸಗಸೆ ಎಂದರೆ ಪ್ರಾಣ. ಆ ತಟ್ಟೆ ಯಾಕೆ ಬಂದಿದೆ ಎಂದು ಇಬ್ಬರಿಗೂ ಗೊತ್ತಿತ್ತು.

"ಮನೆ ಬಿಸಿ ಮಾಡೋಕೇ ಗತಿ ಇರಲಿಲ್ಲ ವರ್ನಾ ಅವತ್ತು. ನಿನಗೆ ಗೊತ್ತಿತ್ತು. ಕಾರಿನಲ್ಲಿ ನಿನ್ನ ಹತ್ರ ಹೇಳಿಕೊಂಡು ಅತ್ತಿದ್ದೆ."

"ಗೊತ್ತಿತ್ತು."

"ಒಂದು ಕೇಳ್ತೀನಿ. ನಿಮ್ಮ ಮೂವರ ಮನೇಲೂ ಹಳೇ ಬಲ್ಬೇ ಇದ್ದಿದ್ರೆ, ಇವತ್ತು ಈ ತಟ್ಟೆ ಹಿಡಿದು ಬರ್ತಿದ್ದೆಯಾ?"

ವರ್ನಾ ಬಾಯಿ ತೆರೆದಳು. ಬರುತ್ತಿದ್ದೆ ಎಂಬ ಮಾತು ನಾಲಿಗೆಯ ಮೇಲೇ ಇತ್ತು. ಬೆಳಿಗ್ಗೆ ಏಣಿ ಹತ್ತಿದ ಕಾಲುಗಳು ಇನ್ನೂ ನೋಯುತ್ತಿದ್ದವು. ಬಾಯಿ ಮುಚ್ಚಿಕೊಂಡಳು.

"ಹೋಗು," ಅಂದಳು ಜೆನೀವಾ. ಬೈದ ಹಾಗಿರಲಿಲ್ಲ, ದಣಿದ ಹಾಗಿತ್ತು. ಒಳಬಾಗಿಲು ಮುಚ್ಚಿಕೊಂಡಿತು.

ವರ್ನಾ ತುಂಬಿದ ತಟ್ಟೆಯನ್ನು ಹಿಡಿದು ಹಿಂದಿರುಗಿದಳು. ಅವರಿಬ್ಬರೂ ಕತ್ತಲಲ್ಲೇ ಕೂತಿದ್ದರು, ಪರದೆ ಸರಿಸುವ ಮನಸ್ಸು ಯಾರಿಗೂ ಬಂದಿರಲಿಲ್ಲ.

"ಏನಂದಳು?" ಒಡೆಸ್ಸಾ ಕೇಳಿದಳು.

ಜೆನೀವಾ ಕೇಳಿದ ಪ್ರಶ್ನೆಯನ್ನು ವರ್ನಾ ಒಂದಕ್ಷರ ಬಿಡದೆ ಅವರಿಗೆ ಹೇಳಿದಳು.

ಅಷ್ಟರಲ್ಲಿ ತಣ್ಣಗಾದ ಡಬ್ಬಿಯೊಂದು ಮತ್ತೆ ಕರೆಂಟು ಹಿಡಿದು, ಕಿಟಕಿಯ ಪಕ್ಕದ ಹಳೆಯ ಬಲ್ಬು ತಾನಾಗಿ ಹೊತ್ತಿಕೊಂಡಿತು. ಆಮೇಲೆ ಇನ್ನೊಂದು. ಗುಂಡಿ ಒತ್ತಿ ಆರಿಸಲು ಯಾರಿಗೂ ನೆನಪಾಗಿರಲಿಲ್ಲ. ಮೂವರ ಮುಖದ ಮೇಲೂ ಆ ಹಳದಿ ಬೆಳಕು ಬಿತ್ತು. ಒಬ್ಬರ ಮುಖ ಒಬ್ಬರು ನೋಡಲಾರದೆ ಮೇಜಿನ ಬಟ್ಟೆಯ ಹೂವುಗಳನ್ನು ನೋಡುತ್ತ ಕೂತರು.

ವರ್ನಾ ಹೋಗಿ ದೀಪ ಆರಿಸಿದಳು.