ಫೋನಿನೊಳಗಿನ ಮಗು

ಲುಸ್ಮಿಲಾ ಅಂಗಳದಲ್ಲಿ ಕೂತು ಸಂತೆಗೆ ಒಯ್ಯುವ ಈರುಳ್ಳಿಯನ್ನು ಕಟ್ಟು ಕಟ್ಟುತ್ತಿದ್ದಳು. ಒಳಗೆ ಐದು ವರ್ಷದ ಮಗಳು ತಮಿಯಾ ಕೆಮ್ಮಿದಳು. ಹೋಗಿ ನೋಡಿದರೆ, ಉಸಿರೆಳೆದಾಗಲೆಲ್ಲ ಮಗುವಿನ ಪಕ್ಕೆ ಒಳಕ್ಕೆ ಹೋಗುತ್ತಿತ್ತು. ಕೆಲಸ ಅಲ್ಲಿಗೇ ಬಿಟ್ಟು, ಮಗಳನ್ನು ಶಾಲಿನಲ್ಲಿ ಬೆನ್ನಿಗೆ ಕಟ್ಟಿಕೊಂಡು ಆರೋಗ್ಯ ಕೇಂದ್ರಕ್ಕೆ ನಡೆದಳು. ಮನೆಮನೆಗೆ ಹೋಗಿ ಲಸಿಕೆ ನೆನಪಿಸುವ ನೆರೆಮನೆಯ ಓಲ್ಗಾಳೂ ಜೊತೆಗೆ ಬಂದಳು.

ಕೇಂದ್ರದಲ್ಲಿ ವೈದ್ಯಕೀಯ ವಿದ್ಯಾರ್ಥಿನಿ ಜೋಸೆಲಿನ್ ಕೂತಿದ್ದಳು. ಕಿವಿಯಲ್ಲಿ ಇಯರ್‌ಫೋನ್, ಕಣ್ಣು ಫೋನಿನಲ್ಲಿ.

"ನೋಡಕ್ಕಾ, ಹಾಡು ಕೇಳ್ತಾ ಕೂತಿದಾಳೆ. ಇವಳ ಕೈಗೆ ಮಗು ಕೊಡ್ಲಾ?" ಎಂದು ಲುಸ್ಮಿಲಾ ಓಲ್ಗಾಳನ್ನು ಕೇಳಿದಳು.

"ಹಾಡಲ್ಲ ಕಣೇ, ಎದೆ ಸದ್ದು. ಯಾವ ಕಾಯಿಲೆಗೆ ಉಸಿರು ಹೆಂಗೆ ಕೇಳ್ಸುತ್ತೆ ಅಂತ ಅದ್ರಲ್ಲಿ ಕಲೀತಾರೆ. ಪರದೆ ಮೇಲೆ ಆಟದಲ್ಲಿದ್ದ ಹಾಗೆ ಒಂದು ಸುಳ್ಳು ಮಗುನೂ ಇರುತ್ತೆ. ಇವ್ರು ತಪ್ಪು ಮಾಡಿದ್ರೆ ಅದು ಸಾಯುತ್ತೆ."

"ಫೋನ್ ನೋಡಿ ಡಾಕ್ಟ್ರಾಗೋದಾದ್ರೆ ನಮ್ಮನೆ ಗಂಡಸು ಇಷ್ಟೊತ್ತಿಗೆ ದೊಡ್ಡ ಡಾಕ್ಟ್ರು!"

"ಹಿಂದೆ ಬಂದಿದ್ದ ಹುಡುಗ ಸೂಜಿ ಚುಚ್ಚಿ ನಿನ್ ಕೈ ಜರಡಿ ಮಾಡಿದ್ನಲ್ಲ, ಅವ್ನು ಎಲ್ಲಿ ಕಲೀತಿದ್ದ? ನಿನ್ ಮೇಲೆ!"

ತಮಿಯಾ ಅಮ್ಮನ ಕಿವಿಯಲ್ಲಿ ಏನೋ ಉಸುರಿದಳು. "ಶ್! ಹಾಗೆಲ್ಲ ಕೇಳಬಾರ್ದು," ಎಂದು ಲುಸ್ಮಿಲಾ ಗದರಿದಳು.

ಜೋಸೆಲಿನ್ ಮಗುವಿನ ಎದೆಗೆ ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ಆಲಿಸಿದಳು. "ಬಲಗಡೆ ಸದ್ದು ಸರಿಯಿಲ್ಲಮ್ಮ. ನಿಮೋನಿಯಾ ಇರ್ಬೇಕು. ಡಾಕ್ಟ್ರನ್ನ ಕರೀತೀನಿ. ಇವತ್ತೇ ಪಟ್ಟಣದ ಆಸ್ಪತ್ರೆಗೆ ಹೋಗ್ಬೇಕಾಗುತ್ತೆ."

"ನೀನು ಕಲೀಲಿ ಅಂತ ನಾನ್ಯಾಕೆ ಪಟ್ಟಣಕ್ಕೆ ಓಡ್ಲಿ?" ಲುಸ್ಮಿಲಾ ಮನೆಗೆ ಹೋಗಲು ಮತ್ತೆ ಶಾಲು ಎತ್ತಿಕೊಂಡಳು.

ಆಗ ತಮಿಯಾ ಏದುಸಿರಿನಲ್ಲೇ ಗಟ್ಟಿಯಾಗಿ ಕೇಳಿಬಿಟ್ಟಳು: "ಅಕ್ಕಾ, ಫೋನೊಳಗಿನ ಮಗು ನಿನ್ ಕೈಲಿ ಸತ್ತಿತ್ತಾ?"

ಜೋಸೆಲಿನ್ ಮುಖ ಕೆಂಪಾಯಿತು. "ಸತ್ತಿತ್ತು ಪುಟ್ಟಿ. ಬರೀ ನೆಗಡಿ ಅಂತ ಮನೆಗೆ ಕಳಿಸ್ಬಿಟ್ಟಿದ್ದೆ. ಅದಕ್ಕೇ ನಿನ್ನ ಮನೆಗೆ ಕಳಿಸಲ್ಲ."

ಡಾಕ್ಟರು ಬಂದು ತಾವೂ ಎದೆ ಆಲಿಸಿದರು. "ಹುಡುಗಿ ಹೇಳಿದ್ದು ಸರಿ," ಎಂದರು.

ಲುಸ್ಮಿಲಾ ಜೋಸೆಲಿನ್‌ಳನ್ನು ಒಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿದಳು. "ನಡೀರಿ, ಹೋಗೋಣ. ಇವಳೂ ಜೊತೆಗೆ ಬರ್ಲಿ. ದಾರೀಲೂ ಎದೆ ಸದ್ದು ಕೇಳ್ತಾ ಇರ್ಲಿ, ಫೋನ್ ಜೇಬಲ್ಲಿಟ್ಟು!"

ಅಕ್ಕತಂಗಿಯರೇ, ನಿಮ್ಮ ಮಗುವನ್ನು ನೋಡಲು ವಿದ್ಯಾರ್ಥಿ ಬಂದರೆ ಎದ್ದು ಹೋಗಬೇಡಿ. ಅನುಮಾನವನ್ನು ನುಂಗಿಕೊಂಡು ಕೂರಲೂ ಬೇಡಿ. ಇದನ್ನು ಎಲ್ಲಿ ಕಲಿತೆ, ಕಲಿಯುವಾಗ ಎಲ್ಲಿ ತಪ್ಪಿದೆ, ನಿನ್ನ ಜೊತೆಗೆ ಯಾವ ಡಾಕ್ಟರಿದ್ದಾರೆ ಎಂದು ಕೇಳಿ. ತಮಿಯಾಳ ಹಾಗೆ, ಗಟ್ಟಿಯಾಗಿ ಕೇಳಿ.