ಪಾಶಾ ಏಳದ ವಸಂತ

ನೆಲಮಾಳಿಗೆಯ ಮೆಟ್ಟಿಲ ಮೇಲೆ ನಿಂತಿದ್ದ ಮಿಗ್ಲೆನಾಗೆ ಗಂಡನ ಬೆನ್ನಷ್ಟೇ ಕಾಣುತ್ತಿತ್ತು. ಪೆಟ್ಟಿಗೆಯ ಮುಂದೆ ಮಂಡಿಯೂರಿ ಕುಳಿತ ವಲ್ಚೊ ಮೊದಲು ಒಂದು ಕೈ ಒಳಗೆ ಹಾಕಿದ, ಆಮೇಲೆ ಎರಡೂ ಕೈ. ಓಕ್ ಮರದ ಒಣ ಎಲೆಗಳನ್ನು ಹಿಡಿಹಿಡಿಯಾಗಿ ತೆಗೆದು ನೆಲಕ್ಕೆ ಹಾಕುತ್ತ ಹೋದ. ತಳದ ಹಲಗೆ ಕಾಣಿಸುವವರೆಗೂ ಅವನು ನಿಲ್ಲಿಸಲಿಲ್ಲ.

ಪ್ರತಿ ವರ್ಷ ದ್ರಾಕ್ಷಿ ಕೊಯ್ಲು ಮುಗಿದು ಚಳಿ ಶುರುವಾಗುವ ಹೊತ್ತಿಗೆ ಪಾಶಾನನ್ನು ಈ ಪೆಟ್ಟಿಗೆಯಲ್ಲಿ ಮಲಗಿಸುವುದು, ಬಾದಾಮಿ ಮರ ಹೂಬಿಟ್ಟ ಮೇಲೆ ಅಂಗಳಕ್ಕೆ ತರುವುದು ಅವನ ಕೆಲಸ. ಅವನಿಗಿಂತ ಮೊದಲು ಅವನ ಅಪ್ಪನ ಕೆಲಸ. ಹೊಲ ಉಳುವಾಗ ಅಪ್ಪನಿಗೆ ಸಿಕ್ಕಿದ್ದ ಆಮೆ ಅದು; ಚಿಪ್ಪಿನ ಅಂಚಿನಲ್ಲಿ ನೇಗಿಲು ತಾಗಿ ಮುರಿದ ಗುರುತಿತ್ತು. ವಲ್ಚೊ ಅಂಬೆಗಾಲಿಡುವಾಗ ಅದರ ಹಿಂದೆಯೇ ತೆವಳಿದ್ದನಂತೆ. ಈಗ ಅವನ ಮಗಳು ರಾಲಿತ್ಸಾ ಅದರ ಒಡತಿ. ರಕ್ತದ ಕಾಯಿಲೆ ಬಂದ ಮೇಲೆ ಆಸ್ಪತ್ರೆಯಿಂದ ವೀಡಿಯೊ ಫೋನು ಮಾಡಿದಾಗಲೆಲ್ಲ ಅವಳು ಮೊದಲು ಕೇಳುತ್ತಿದ್ದುದು, "ಅಪ್ಪಾ, ಪಾಶಾ ಎದ್ನಾ?"

"ನಿನ್ನ ಪಾಶಾ ಗೊರಕೆ ಹೊಡೀತಿದ್ದಾನೆ. ಮನೆ ಹೆಂಚೆಲ್ಲಾ ಹಾರಿ ಹೋಗ್ತಿದೆ" ಎನ್ನುತ್ತಿದ್ದ ವಲ್ಚೊ. ಕೂದಲೆಲ್ಲ ಉದುರಿದ ಪುಟ್ಟ ತಲೆ ದಿಂಬಿನ ಮೇಲೆ ಅಲುಗಾಡುವಂತೆ ಅವಳು ಪರದೆಯಲ್ಲಿ ನಗುತ್ತಿದ್ದಳು. ಅವನು ಎದ್ದಾಗ ನಾನೂ ಮನೆಗೆ ಬರ್ತೀನಿ, ಎನ್ನುತ್ತಿದ್ದಳು. ವೈದ್ಯರು ನಾಳೆ ಅವಳನ್ನು ಮನೆಗೆ ಕಳಿಸುವವರಿದ್ದರು.

"ಮಿಗ್ಲೆನಾ, ಪಾಶಾನ ಬೇರೆಲ್ಲಾದ್ರೂ ಇಟ್ಟಿದ್ದೀಯೇನೇ?"

ಅವಳು ಒಂದು ಮೆಟ್ಟಿಲು ಹಿಂದಕ್ಕೆ ಹತ್ತಿದಳು.

"ಹೆಗ್ಗಣ ಎಳ್ಕೊಂಡು ಹೋಯ್ತೋ ಏನೋ. ಇಷ್ಟು ದೊಡ್ಡ ಆಮೇನ ಎಳೆಯೋ ಹೆಗ್ಗಣ ಇದ್ರೆ ಅದನ್ನೇ ಸಾಕ್ಬೋದಿತ್ತು." ತನ್ನ ಮಾತಿಗೆ ತಾನೇ ನಗಲು ನೋಡಿ, ಆಗದೆ, ಖಾಲಿ ಪೆಟ್ಟಿಗೆಯನ್ನು ಬೋರಲು ಹಾಕಿದ. "ಸತ್ತಿದ್ರೆ ಚಿಪ್ಪಾದ್ರೂ ಇರ್ಬೇಕಿತ್ತಲ್ಲ?"

ಮೇಲಿನ ಅಡುಗೆಮನೆಯಿಂದ ಅವನ ತಾಯಿಯ ಧ್ವನಿ ಕೇಳಿತು. "ಹುಡುಕಬೇಡ ಮಗಾ. ಮೇಲೆ ಬಾ."

ಸ್ತಾಮೆನಾ ನಾಳೆ ಬರುವ ಮೊಮ್ಮಗಳಿಗಾಗಿ ಚೀಸ್ ತುಂಬಿದ ಪದರದ ರೊಟ್ಟಿ, ಬಾನಿತ್ಸಾ, ಮಾಡಲು ಕಣಕವನ್ನು ಮೇಜಿನ ತುಂಬ ತೆಳ್ಳಗೆ ಎಳೆಯುತ್ತಿದ್ದಳು. ಮಗ ಬಾಗಿಲಲ್ಲಿ ನಿಂತಾಗಲೂ ಕೈ ನಿಲ್ಲಲಿಲ್ಲ.

"ನಾನೇ ಕುಯ್ದೆ" ಅಂದಳು. "ಚಳಿ ಶುರುವಾದಾಗ. ಮಗುಗೆ ರಕ್ತ ಬೇಕಿತ್ತು."

ಸಾಕರ್ ಗುಡ್ಡದ ಕೆಳಗಿನ ಊರುಗಳಲ್ಲಿ ಈ ಮಾತು ಕೇಳದವರಿಲ್ಲ. ರಕ್ತ ಕೆಟ್ಟವರಿಗೆ ಆಮೆಯ ರಕ್ತವನ್ನು ಕೆಂಪು ವೈನಿನಲ್ಲಿ ಬೆರೆಸಿ ಕುಡಿಸಬೇಕು. ವೈದ್ಯರು ನಗುತ್ತಾರೆ, ಓದಿದವರು ಬೈಯುತ್ತಾರೆ, ಆದರೂ ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದರೆ ಯಾವಳೋ ಮುದುಕಿ ಏಪ್ರನ್ನಿನ ಮರೆಯಲ್ಲಿ ಏನನ್ನೋ ತರುತ್ತಾಳೆ.

"ಪಾಶಾನ? ನಮ್ಮ ಪಾಶಾನ?"

"ಗುಡ್ಡದಲ್ಲಿ ಇನ್ನೊಂದು ಸಿಕ್ಕಿದ್ರೆ ಅದನ್ನ ಹಿಡೀತಿದ್ದೆ. ಆ ಚಳೀಲಿ ಎಲ್ಲಾ ಮಣ್ಣೊಳಗೆ ಹೋಗಿದ್ವು. ಒಂದೇ ಇದ್ದಿದ್ದು, ಕೆಳಗೆ ಪೆಟ್ಟಿಗೇಲಿ. ಏನ್ ಮಾಡ್ಬೇಕಿತ್ತು ಹೇಳು? ಆಮೆ ನಿದ್ದೆ ಕಾಯ್ತಾ ಕೂತ್ಕೊಂಡು ಮಗೂನ ಮಣ್ಣಿಗೆ ಕೊಡ್ಬೇಕಿತ್ತಾ?"

"ನಿನ್ನ ತಲೇಲಿ ಮಿದುಳು ಇದೆಯೋ, ಉಪ್ಪಿನ ನೀರಿದೆಯೋ? ಔಷಧಿ ಅಂಗಡೀಲಿ ಕೆಲಸ ಮಾಡೋ ಸೊಸೆನ ಮನೇಲಿಟ್ಕೊಂಡು—"

ಅಲ್ಲಿಗೆ ಅವನ ಮಾತು ತುಂಡಾಯಿತು. ಅವನು ನಿಧಾನವಾಗಿ ಹೆಂಡತಿಯ ಕಡೆ ತಿರುಗಿದ. ಮಿಗ್ಲೆನಾ ಗೋಡೆಗೆ ಒರಗಿ ನಿಂತಿದ್ದಳು.

"ನಿನಗೆ ಗೊತ್ತಿತ್ತಾ?"

ಈ ಪ್ರಶ್ನೆಗೆ ಅವಳು ಇಡೀ ಚಳಿಗಾಲ ಉತ್ತರ ಹುಡುಕಿದ್ದಳು. ಗೊತ್ತಿರಲಿಲ್ಲ ಎನ್ನಬಹುದಿತ್ತು, ಅತ್ತೆ ಅವಳಿಗೆ ಪಾಶಾನ ಹೆಸರು ಹೇಳಿರಲಿಲ್ಲ. ಎರಡು ಚಿಕಿತ್ಸೆಗಳ ನಡುವೆ ಮಗು ಮನೆಗೆ ಬಂದು ನೀರನ್ನೂ ವಾಂತಿ ಮಾಡಿಕೊಳ್ಳುತ್ತಿದ್ದ ವಾರ ಅದು. ಸ್ತಾಮೆನಾ ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ಆಮೆ ರಕ್ತ ಕೊಡ್ಲೇನೇ? ನೀನು ಬೇಡ ಅಂದ್ರೆ ಬಿಡ್ತೀನಿ" ಎಂದಿದ್ದಳು. ಮುಳುಗುವವರಿಗೆ ಹುಲ್ಲುಕಡ್ಡಿಯೂ ಆಸರೆ. ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಂತು ಇಂಥ ಮುದುಕಿಯರನ್ನು ಎಷ್ಟೋ ಸಲ ಗೇಲಿ ಮಾಡಿದ್ದ ಮಿಗ್ಲೆನಾ ಆವತ್ತು ಬೇಡ ಅನ್ನಲಿಲ್ಲ. ಹೂಂ ಎಂದೂ ಅನ್ನಲಿಲ್ಲ. ಬಟ್ಟೆ ಮಡಚುತ್ತಿದ್ದಳು, ಮಡಚುತ್ತಲೇ ಇದ್ದಳು. ಎಲ್ಲಿಂದ ತರ್ತೀರಿ ಅತ್ತೆ, ಎಂದು ಕೇಳಬೇಕಿತ್ತು. ಈ ಊರಲ್ಲಿ ಹುಟ್ಟಿದ ಯಾರಿಗಾದರೂ ಆ ಕಾಲದಲ್ಲಿ ಗುಡ್ಡದ ಮೇಲೆ ಆಮೆ ಸಿಗುವುದಿಲ್ಲವೆಂದು ಗೊತ್ತು. ಅವಳಿಗೂ ಗೊತ್ತಿತ್ತು. ಅದಕ್ಕೇ ಕೇಳಲಿಲ್ಲ.

"ಲೋಟ ಹಿಡಿದು ಕುಡಿಸಿದ್ದು ನಾನು" ಅಂದಳು.

ವಲ್ಚೊ ಕೂಗಾಡಲಿಲ್ಲ. ಕೂಗಾಡಿದ್ದರೆ ಅವಳಿಗೆ ಹಗುರಾಗುತ್ತಿತ್ತು. ಅವನು ಮೇಜಿನ ಅಂಚಿನಲ್ಲಿದ್ದ ಹಿಟ್ಟನ್ನು ಬೆರಳಿನಿಂದ ಒಂದೆಡೆ ಗುಡ್ಡೆ ಮಾಡಿ, ಅದನ್ನೇ ನೋಡುತ್ತ ನಿಂತ. ಆಮೇಲೆ ಗೂಟದಿಂದ ಕೋಟು ತೆಗೆದುಕೊಂಡು ಹೊರಗೆ ಹೋದ. ಕಾರು ಗುಡ್ಡದ ದಾರಿ ಹಿಡಿದ ಸದ್ದು ಕೇಳಿಸಿತು.

"ಸಿಟ್ಟು ಇಳಿಯುತ್ತೆ" ಎಂದಳು ಸ್ತಾಮೆನಾ. "ಮಗು ಬದುಕಿದೆಯಲ್ಲ. ಅದನ್ನ ನೋಡು ನೀನು."

"ಅದು ಆಸ್ಪತ್ರೆ ಔಷಧಿಯಿಂದ ಅತ್ತೆ."

"ಆಗ್ಲಿ ಬಿಡಮ್ಮ. ಯಾವುದರಿಂದಲೋ. ನಾನೇನು ಬಿರುದು ಕೇಳಿದೆನಾ?"

ಸಂಜೆಯಾಗುವ ಮೊದಲೇ ವಲ್ಚೊ ಹಿಂದಿರುಗಿದ. ಬೂಟುಗಳಿಗೆ ಕೆಮ್ಮಣ್ಣು ಮೆತ್ತಿತ್ತು, ಕೈಯಲ್ಲಿ ಬಕೆಟ್ಟು. ಬಕೆಟ್ಟಿನೊಳಗೆ ಆಮೆಯೊಂದು ಅದರ ಬದಿಯನ್ನು ಪರಪರ ಕೆರೆಯುತ್ತಿತ್ತು.

"ಇದೇ ಪಾಶಾ" ಅಂದ. "ಅಳತೆ ಸರಿಯಾಗಿದೆ. ಬಣ್ಣಾನೂ ಅದೇ."

"ಅವಳಿಗೆ ಗೊತ್ತಾಗುತ್ತೆ ವಲ್ಚೊ."

"ಗೊತ್ತಾಗದ ಹಾಗೆ ಮಾಡ್ತೀನಿ."

ಅಂಗಳದ ಬೆಂಚಿನ ಮೇಲೆ ಕುಳಿತು ಚಿಪ್ಪನ್ನು ಒದ್ದೆ ಬಟ್ಟೆಯಿಂದ ಒರೆಸಿದ, ಸ್ವಲ್ಪ ಎಣ್ಣೆ ಸವರಿದ. ಬಳಿಕ ಉಪಕರಣದ ಡಬ್ಬಿಯಿಂದ ಅರ ತೆಗೆದ. ನೇಗಿಲು ತಾಗಿದ ಗುರುತು ಎಲ್ಲಿತ್ತೋ ಅಲ್ಲಿ ಅಂಚಿಗೆ ಅದನ್ನಿಟ್ಟು ಒಂದು ಸಲ ಎಳೆದ. ಬಿಳಿ ಪುಡಿ ಉದುರಿತು. ಆಮೆ ಕಾಲು, ತಲೆ ಎಲ್ಲವನ್ನೂ ಒಳಗೆಳೆದುಕೊಂಡು ಉಸಿರನ್ನು ಬುಸ್ ಎಂದು ಬಿಟ್ಟಿತು. ಅವನ ಕೈ ಅಲ್ಲೇ ನಿಂತಿತು. ಅರವನ್ನು ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿದಾಗ ಅವನ ಭುಜಗಳು ಅಲುಗುತ್ತಿರುವುದನ್ನು ಮಿಗ್ಲೆನಾ ಕಿಟಕಿಯಿಂದ ನೋಡಿದಳು. ಅವನ ಹತ್ತಿರ ಹೋಗುವ ಹಕ್ಕು ತನಗಿಲ್ಲ ಅನ್ನಿಸಿತು.

ಮರುದಿನ ನಗರದಿಂದ ಬರುವಾಗ ರಾಲಿತ್ಸಾ ಕಾರಿನ ಹಿಂದಿನ ಸೀಟಿನಲ್ಲಿ ಕಂಬಳಿ ಹೊದ್ದು ಕುಳಿತು ದಾರಿಯುದ್ದಕ್ಕೂ ಮಾತಾಡಿದಳು. ಮಾರ್ಚಿ ತಿಂಗಳು ಹುಟ್ಟಿದಾಗ ಕಟ್ಟಿಕೊಂಡ, ವರ್ಷದ ಮೊದಲ ಕೊಕ್ಕರೆ ಕಾಣುವವರೆಗೆ ಬಿಚ್ಚಬಾರದ ಕೆಂಪು ಬಿಳಿ ದಾರ ಅವಳ ಮಣಿಕಟ್ಟಿನಲ್ಲಿ ಸಡಿಲವಾಗಿ ಜೋಲುತ್ತಿತ್ತು. ವಿದ್ಯುತ್ ಕಂಬದ ಮೇಲೆ ಕೊಕ್ಕರೆಯ ಜೋಡಿ ಕಂಡಾಗ ಕಿರುಚಿದಳು.

"ಅಮ್ಮಾ, ಕೊಕ್ಕರೆ! ಇನ್ನು ದಾರ ಬಿಚ್ಬೋದು. ಆದ್ರೆ ಈಗ ಬೇಡ, ಪಾಶಾನ ಜೊತೆ ಬಿಚ್ತೀನಿ. ಅವನಿಗೂ ಒಂದು ದಾರ ಹೆಣೆದಿದ್ದೀನಿ. ನರ್ಸಕ್ಕ ಹೇಳಿದ್ರು, ಆಮೆಗೆ ಎಲ್ಲಿ ಕಟ್ತೀಯೇ, ಸೊಂಟಕ್ಕಾ ಅಂತ."

ವಲ್ಚೊ ಕನ್ನಡಿಯಲ್ಲಿ ಮಗಳನ್ನು ನೋಡಿ ಹಲ್ಲು ಬಿಟ್ಟ. ಮಿಗ್ಲೆನಾ ಹೊರಗೆ ನೋಡಿದಳು.

ಮನೆ ಮುಟ್ಟಿದ ಮೇಲೆ ಅಜ್ಜಿಯ ಅಪ್ಪುಗೆಯಿಂದ ಬಿಡಿಸಿಕೊಂಡು ಮಗು ನೇರವಾಗಿ ಅಂಗಳದ ಹುಲ್ಲಿಗೆ ಹೋಯಿತು. ಆಮೆ ಗೋಡೆಯ ಬುಡದಲ್ಲಿತ್ತು. ರಾಲಿತ್ಸಾ ಮೆಲ್ಲನೆ ಕೂತಳು, ಕಾಡುಸೊಪ್ಪಿನ ಎಲೆಯೊಂದನ್ನು ಕಿತ್ತು ಮುಂದೆ ಹಿಡಿದಳು. ಪಾಶಾ ಆ ಎಲೆಗಾಗಿ ಅಂಗಳದ ಆ ತುದಿಯಿಂದಲೂ ಬರುತ್ತಿದ್ದ. ಇದು ತಲೆಯನ್ನು ಒಳಗೆಳೆದುಕೊಂಡಿತು.

"ನಿದ್ದೆಗಣ್ಣು ಕಣೇ ಅವನಿಗೆ" ಅಂದ ವಲ್ಚೊ. "ನಿನ್ನ ಹಾಗೇ. ಬೆಳಿಗ್ಗೆ ಎಬ್ಬಿಸಿದ್ರೆ ಮುಖ ಸಿಂಡರಿಸ್ಕೋತಾನೆ."

ಮಗು ಎರಡೂ ಕೈಗಳಿಂದ ಆಮೆಯನ್ನೆತ್ತಿ ಹೊಟ್ಟೆಯ ಭಾಗ ನೋಡಿತು, ಬಾಲ ನೋಡಿತು. ಮತ್ತೆ ಹುಲ್ಲಿನ ಮೇಲೆ ಜೋಪಾನವಾಗಿ ಇಟ್ಟಿತು.

"ಅಪ್ಪಾ, ಇದು ಹೆಣ್ಣು."

ಗುಡ್ಡದಲ್ಲಿ ಅವಸರದಲ್ಲಿ ಅವನು ಗಾತ್ರ ನೋಡಿದ್ದ, ಹೆಣ್ಣಿನ ಆ ಗಿಡ್ಡ ಬಾಲ ನೋಡಿರಲಿಲ್ಲ. ವಲ್ಚೊನ ಬಾಯಲ್ಲಿ ಇನ್ನೊಂದು ತಮಾಷೆ ಸಿದ್ಧವಾಗಿತ್ತೇನೋ. ಅದು ಹೊರಬರಲಿಲ್ಲ. ಅವನು ಹೆಂಡತಿಯ ಕಡೆ ನೋಡಿದ. ಆ ನೋಟದಲ್ಲಿ ಸಿಟ್ಟಿರಲಿಲ್ಲ. ನನ್ನಿಂದ ಇನ್ನು ಆಗುವುದಿಲ್ಲ ಎನ್ನುವಂತಿತ್ತು.

ಮಿಗ್ಲೆನಾ ಮಗಳ ಎದುರು ನೆಲದ ಮೇಲೆ ಕುಳಿತಳು.

"ರಾಲಿ, ಪಾಶಾ ಇಲ್ಲಮ್ಮ. ಸತ್ತುಹೋದ. ಚಳಿ ಬಿದ್ದಾಗ ಮನೆಗೆ ಬಂದಿದ್ಯಲ್ಲ, ಆಗ ನೀನು ಜೇನು ಹಾಕಿದ ವೈನು ಕುಡಿದೆ. ನೆನಪಿದೆಯಾ?"

"ಉಪ್ಪುಪ್ಪಾಗಿತ್ತು."

"ಅದರಲ್ಲಿ ಪಾಶಾನ ರಕ್ತ ಇತ್ತು. ನಿನಗೆ ವಾಸಿ ಆಗ್ಲಿ ಅಂತ ಅಜ್ಜಿ ಮಾಡಿದ್ರು. ಆದ್ರೆ ನನಗೆ ಗೊತ್ತಿತ್ತು. ಬೇಡ ಅಂತ ಹೇಳ್ಬೋದಿತ್ತು. ಹೇಳ್ಲಿಲ್ಲ."

ರಾಲಿತ್ಸಾ ಅಳಲಿಲ್ಲ. ಕೈಯ ಹಿಂಭಾಗದಿಂದ ತುಟಿಗಳನ್ನು ಒಂದು ಸಲ, ನಿಧಾನವಾಗಿ ಒರೆಸಿಕೊಂಡಳು. ಒರೆಸಿದ ಕೈಯನ್ನು ನೋಡಿಕೊಂಡಳು.

"ಆಗ ಅವನು ಮಲಗಿದ್ನಾ?"

"ಹೂಂ ಕಂದಾ. ಮಲಗಿದ್ದ. ಅವನಿಗೆ ಏನೂ—"

"ಇಲ್ಲ ಪುಟ್ಟಿ." ಹಿಂದಿನಿಂದ ಸ್ತಾಮೆನಾ ಮಾತಾಡಿದಳು. ಹೊಸ್ತಿಲಲ್ಲಿ ನಿಂತಿದ್ದಳು, ಕೈಗಳನ್ನು ಏಪ್ರನ್ನಿನಲ್ಲಿ ಸುತ್ತಿಕೊಂಡು. "ಎದ್ದಿದ್ದ. ತಣ್ಣಗಿರೋ ಮೈಯಿಂದ ರಕ್ತ ಇಳಿಯಲ್ಲ. ಒಲೆ ಹತ್ರ ಇಟ್ಟು ಬೆಚ್ಚಗೆ ಮಾಡಿದೆ. ಕತ್ತು ಚಾಚಿ ನೋಡ್ದ. ಬೇಸಿಗೆ ಬಂತು ಅಂದ್ಕೊಂಡನೇನೋ." ಮುದುಕಿ ಏಪ್ರನ್ನಿನೊಳಗಿಂದ ಕೈಗಳನ್ನು ಹೊರಗೆ ತೆಗೆದಳು. "ನನ್ನ ಬೈಯೋದಾದ್ರೆ ಬೈ. ಕಲ್ಲು ಹೊಡಿ. ನೀನು ಇಲ್ಲಿ ಹುಲ್ಲಿನ ಮೇಲೆ ಕೂತಿದ್ದೀಯಲ್ಲ, ನನಗೆ ಅಷ್ಟು ಸಾಕು."

"ಸುಮ್ನಿರಮ್ಮ" ಎಂದ ವಲ್ಚೊ, ಬಹಳ ಮೆಲ್ಲಗೆ.

ಹೆಣ್ಣಾಮೆ ತಲೆ ಹೊರಚಾಚಿ, ಸುತ್ತ ನೋಡಿ, ಗೋಡೆಯ ಗುಂಟ ನಡೆಯತೊಡಗಿತು. ರಾಲಿತ್ಸಾಳ ಕಣ್ಣು ಅದರ ಮೇಲಿತ್ತು.

"ಅಪ್ಪಾ, ಇದನ್ನ ಎಲ್ಲಿಂದ ತಂದೆ?"

"ಗುಡ್ಡದಿಂದ. ಮೇಲಿನ ಹಳೇ ದ್ರಾಕ್ಷಿ ತೋಟದ ಹತ್ರ."

"ವಾಪಸ್ ಬಿಟ್ಟು ಬರೋಣ. ಈಗ್ಲೇ."

"ಇರ್ಲಿ ಬಿಡೇ ಪುಟ್ಟಿ. ನಿನಗೆ ಜೊತೆ ಆಗುತ್ತೆ. ಇದಕ್ಕೂ ಒಂದು ಹೆಸರಿಡು."

"ಬೇಡ. ಈ ಮನೇಲಿ ಬೇಡ." ಮಗು ಎದ್ದು ನಿಂತಿತು. ಇಷ್ಟು ಹೊತ್ತು ಕೂತಿದ್ದಕ್ಕೇ ಕಾಲುಗಳು ನಡುಗುತ್ತಿದ್ದವು. "ನನಗೆ ಮತ್ತೆ ಹುಷಾರು ತಪ್ಪಿದ್ರೆ?"

"ತಪ್ಪಲ್ಲ ಕಂದಾ. ಡಾಕ್ಟರು ಹೇಳಿದ್ದಾರಲ್ಲ" ಎಂದಳು ಮಿಗ್ಲೆನಾ.

"ತಪ್ಪಿದ್ರೆ?"

ರಾಲಿತ್ಸಾ ಈಗ ತಾಯಿಯ ಮುಖವನ್ನೇ ನೋಡುತ್ತಿದ್ದಳು. ಬಯ್ಯುವ ನೋಟವಲ್ಲ ಅದು, ಕಾಯುವ ನೋಟ. ಒಂದು ಸಣ್ಣ ವಾಕ್ಯ ಸಾಕಿತ್ತು. ಇನ್ನೊಂದು ಸಲ ಹಾಗೆ ಮಾಡಲ್ಲ, ಎಂದರೆ ಮುಗಿಯಿತು. ಮಗು ನಂಬುತ್ತಿತ್ತು, ಒಳಗೆ ಬಂದು ಬಾನಿತ್ಸಾ ತಿನ್ನುತ್ತಿತ್ತು. ಮಿಗ್ಲೆನಾ ಬಾಯಿ ತೆರೆದಳು. ದಿಂಬಿನ ಮೇಲೆ ಕೂದಲಿಲ್ಲದ ಆ ತಲೆ ಕಣ್ಣ ಮುಂದೆ ಬಂತು, ನೀರನ್ನೂ ಒಲ್ಲದ ತುಟಿಗಳು ಬಂದವು. ಇನ್ನೊಂದು ಸಲ ಅಂಥ ದಿನ ಬಂದು, ಅತ್ತೆ ಹತ್ತಿರ ಬಂದು ಪಿಸುಗುಟ್ಟಿದರೆ ತಾನು ಮತ್ತೆ ಬಟ್ಟೆ ಮಡಚುತ್ತ ಕೂರುವೆನೆಂದು ಅವಳಿಗೆ ಗೊತ್ತಿತ್ತು. ಈಗಷ್ಟೇ ಪಾಶಾ ಮಲಗಿದ್ದನೆಂದು ಒಂದು ಸುಳ್ಳು ಹೇಳಿ ಸಿಕ್ಕಿಬಿದ್ದಿದ್ದಳು. ಇನ್ನೊಂದು ನಾಲಿಗೆಗೆ ಬರಲಿಲ್ಲ.

ಮಗು ಸ್ವಲ್ಪ ಹೊತ್ತು ಕಾದು, ತಲೆಯಾಡಿಸಿತು. ಬೆಂಚಿನ ಕೆಳಗಿದ್ದ ಬಕೆಟ್ಟನ್ನು ತಂದು ಆಮೆಯನ್ನು ಅದರೊಳಗೆ ಇಟ್ಟಿತು. ಎತ್ತಲು ಹೋದಾಗ ತೋಳು ಸೋತು ಬಕೆಟ್ಟು ವಾಲಿತು. ಮಿಗ್ಲೆನಾ ಥಟ್ಟನೆ ಕೈ ಚಾಚಿದಳು.

ರಾಲಿತ್ಸಾ ಬಕೆಟ್ಟನ್ನು ಎದೆಗವಚಿಕೊಂಡು ಇನ್ನೊಂದು ಪಕ್ಕಕ್ಕೆ ತಿರುಗಿದಳು. ಹಾಗೇ ತೂರಾಡುತ್ತ, ಅಪ್ಪ ಬಾಗಿಲು ತೆರೆದು ನಿಂತಿದ್ದ ಕಾರಿನವರೆಗೆ ಒಬ್ಬಳೇ ಹೊತ್ತುಕೊಂಡು ಹೋದಳು.